ಫೋನಿಗೆ ಗುನುಗಿ ಕೊಡುವ ತಸ್ಲೀಮಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸವಣೂರು ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಚಹಾ ಅಂಗಡಿ ಬಿಟ್ಟರೆ ತೆರೆದಿರುವುದು ಒಂದೇ ಬಾಗಿಲು. ಅದರ ಶಟರ್ ಕೂಡ ಅರ್ಧಕ್ಕೇ ನಿಂತಿದೆ. ಒಳಗೆ ಒಬ್ಬರು ಕೂತರೆ ಇನ್ನೊಬ್ಬರು ನಿಂತೇ ಇರಬೇಕು, ಅಷ್ಟೇ ಜಾಗ. ಹಳೆಯ ಕಂಪ್ಯೂಟರ್, ಒಂದು ಸ್ಮಾರ್ಟ್‌ಫೋನ್, ಪ್ಲಾಸ್ಟಿಕ್ ಡಬ್ಬಿಯಲ್ಲಿ ಉಗುರಿನಗಲದ ಮೆಮೊರಿ ಕಾರ್ಡುಗಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ತಸ್ಲೀಮಾ ಕಂಪ್ಯೂಟರಿನ ಗುಂಡಿ ಒತ್ತುತ್ತಾರೆ. ಅದು ಎಚ್ಚರಗೊಳ್ಳುವ ಮೊದಲೇ ಮೊದಲ ಗಿರಾಕಿ ಶಟರ್ ಕೆಳಗೆ ಬಗ್ಗಿ ಒಳಗೆ ಬಂದಾಗಿದೆ.

ಬಂದವರು ಮೈಲಾರಲಿಂಗ. ಹಿರೇಕೆರೂರು ತಾಲ್ಲೂಕಿನ ಮಾಸೂರಿನವರು, ಟೆಂಪೊ ಚಾಲಕ. ಸವಣೂರಿನ ವೀಳ್ಯದೆಲೆಯ ಬುಟ್ಟಿಗಳನ್ನು ಹೇರಿಕೊಂಡು ಹೋಗಲು ವಾರದಲ್ಲಿ ಒಂದೆರಡು ಸಲ ಬರುತ್ತಾರೆ. ಟೆಂಪೊ ಹೊರಗೆ ಗುರುಗುಟ್ಟುತ್ತಿದೆ. ಬಿಸಿಲೇರಿದರೆ ಎಲೆ ಬಾಡುತ್ತದೆ, ಬೇಗ ಹೊರಡಬೇಕು. ಆದರೂ ಬಂದಿದ್ದಾರೆ. ಅಕ್ಕಿಆಲೂರಿನ ಒಂದು ಮದುವೆಯಲ್ಲಿ ಕೇಳಿದ ಹಾಡು ಅವರನ್ನು ಬಿಡುತ್ತಿಲ್ಲ.

“ತಲಿಯೊಳಗ ಹೊಕ್ಕೈತ್ರಿ ಅಕ್ಕಾರ, ಹೊರಗ ಬರವಲ್ದು.”

“ಹೊರಗ ಬರಬೇಕಂದ್ರ ಬಾಯಿ ತಗೀಬೇಕಲ್ರಿ.”

ಮೈಲಾರಲಿಂಗ ಹಿಂದೆ ಮುಂದೆ ನೋಡುತ್ತಾರೆ. ಯಾರೂ ಇಲ್ಲ. ಆದರೂ ಗೋಡೆಗೆ ಮುಖ ಮಾಡಿ ನಿಲ್ಲುತ್ತಾರೆ. ಈ ಅಂಗಡಿಯಲ್ಲಿ ಅದು ರೂಢಿ. ಗಂಡಸರು ಹಾಡಲು ನಾಚುತ್ತಾರೆಂದು ತಸ್ಲೀಮಾ ಒಂದು ದಿನ ತಮಾಷೆಗೆ ಗೋಡೆ ತೋರಿಸಿದ್ದರು. ಅಂದಿನಿಂದ ಎಲ್ಲರೂ ಗೋಡೆಗೇ ಗುನುಗುತ್ತಾರೆ. ಆ ಜಾಗದಲ್ಲಿ ಸುಣ್ಣಕ್ಕೆ ಹಣೆಯ ಎಣ್ಣೆ ಹತ್ತಿ ಒಂದು ಕಲೆ ಬಿದ್ದಿದೆ.

ಮೈಲಾರಲಿಂಗ ಗುನುಗಿದ್ದನ್ನು ತಸ್ಲೀಮಾ ಮೊದಲು ಮುದ್ರಿಸಿಕೊಳ್ಳುತ್ತಾರೆ. ಆಮೇಲೆ ಫೋನು ಅದನ್ನು ಕೇಳಿಸಿಕೊಂಡು, ಪರದೆಯ ಮೇಲೆ ಚುಕ್ಕಿಗಳನ್ನು ಕುಣಿಸಿ, ಹೊಂದುವ ಹಾಡು ಸಿಗಲಿಲ್ಲ ಎನ್ನುತ್ತದೆ. ತಸ್ಲೀಮಾಗೆ ಇದು ನಿರೀಕ್ಷಿತವೇ. ಪದ ಬಿಡಿ, ಬರೇ ದನಿ ತೆಗೆಯಿರಿ ಎನ್ನುತ್ತಾರೆ. ನಡುವಿನಲ್ಲಿ ಅದು ಮೇಲೆ ಹೋಗುತ್ತದೋ ಕೆಳಗೆ ಇಳಿಯುತ್ತದೋ ಎಂದು ಕೇಳುತ್ತಾರೆ. ಘಾಟಿ ಏರಿದ ಹಾಗೆ ಮೇಲೆ ಹೋಗಿ ಅಲ್ಲೇ ನಿಲ್ಲುತ್ತದೆ ಎಂದು ಚಾಲಕ ಕೈಯಲ್ಲಿ ತೋರಿಸುತ್ತಾರೆ. ತಸ್ಲೀಮಾ ಕಣ್ಣು ಮುಚ್ಚಿ, ಫೋನನ್ನು ಗಲ್ಲಕ್ಕೆ ಹತ್ತಿರ ಹಿಡಿದು, ತಗ್ಗಿದ ದನಿಯಲ್ಲಿ ಅದೇ ರಾಗವನ್ನು ಸೊಟ್ಟ ತೆಗೆದು ಗುನುಗುತ್ತಾರೆ. ಈಗ ಫೋನು ತಡಮಾಡುವುದಿಲ್ಲ. ಹಾಡಿನ ಹೆಸರು, ಹಾಡಿದವರ ಹೆಸರು, ಒಂದು ಚಿತ್ರ. ಒತ್ತಿದರೆ ಹಾಡು.

ಮೈಲಾರಲಿಂಗ ತೊಡೆ ತಟ್ಟಿಕೊಳ್ಳುತ್ತಾರೆ. “ನಾ ಹಾಡಿದ್ರ ಒಲ್ಲೆ ಅಂತೈತಿ, ನೀವು ಹಾಡಿದ್ರ ಹೂಂ ಅಂತೈತಿ. ಇದಕ್ಕೂ ಗಂಡಸರು ಅಂದ್ರ ಆಗೂದಿಲ್ಲೇನ್ರಿ?”

ಇದೇ ತಸ್ಲೀಮಾ ಅವರ ಕೆಲಸ. ಮೆಮೊರಿ ಕಾರ್ಡು, ಪೆನ್‌ಡ್ರೈವ್‌ಗಳಿಗೆ ಹಾಡು ತುಂಬುವ ಅಂಗಡಿಗಳು ಸುತ್ತಲಿನ ಎಲ್ಲ ಊರುಗಳಲ್ಲಿ ಇದ್ದವು. ಈಗ ಹೆಚ್ಚಿನವು ಮುಚ್ಚಿವೆ. ಇದು ಉಳಿದಿದೆ. ಟ್ರ್ಯಾಕ್ಟರ್ ಓಡಿಸುವವರು, ಗೌಂಡಿಗಳು, ಕುರಿ ಕಾಯುವವರು, ಒತ್ತುಗುಂಡಿಯ ಫೋನು ಮತ್ತು ಕೈಯಗಲದ ಸ್ಪೀಕರ್ ಇಟ್ಟುಕೊಂಡವರು ಕಾರ್ಡು ತುಂಬಿಸಲು ಬರುತ್ತಾರೆ. ಕೈಯಲ್ಲಿ ಸ್ಮಾರ್ಟ್‌ಫೋನ್ ಇದ್ದವರೂ ಬರುತ್ತಾರೆ. ಅವರ ಫೋನೂ ತಸ್ಲೀಮಾರ ಫೋನೂ ಒಂದೇ ಬಗೆಯವು. ಆದರೆ ಗಿರಾಕಿಗಳ ಗುನುಗು ಫೋನಿಗೆ ತಿಳಿಯುವುದಿಲ್ಲ. ದಿನಕ್ಕೆ ಮೂವತ್ತು ನಲವತ್ತು ಜನ ಬಂದರೆ ಹತ್ತು ಹನ್ನೆರಡು ಜನರಿಗಾದರೂ ತಸ್ಲೀಮಾ ಗುನುಗಿ ಕೊಡಬೇಕು. ಸಂತೆಯ ದಿನ ಸಂಜೆಯಾಗುವುದರೊಳಗೆ ಗಂಟಲು ಒಡೆದಿರುತ್ತದೆ. ಜೀರಿಗೆ ಹಾಕಿ ಕುದಿಸಿದ ನೀರಿನ ಫ್ಲಾಸ್ಕು ಮೇಜಿನ ಕೆಳಗಿದೆ.

ಕೆಲಸ ಕಾನೂನಿಗೆ ಪೂರ್ತಿ ಒಪ್ಪುವಂಥದ್ದಲ್ಲ. ತುಂಬುವ ಹಾಡುಗಳಿಗೆ ಯಾರ ಅನುಮತಿಯೂ ಇರುವುದಿಲ್ಲ. ತಸ್ಲೀಮಾಗೆ ಇದು ಗೊತ್ತು, ಮುಚ್ಚಿಡುವುದೂ ಇಲ್ಲ. ಯಾರಾದರೂ ಬಂದು ನಿಲ್ಲಿಸು ಎಂದರೆ ನಿಲ್ಲಿಸುತ್ತೇನೆ, ಆಮೇಲೆ ಬರೀ ಗುನುಗಿ ಹೆಸರು ಹೇಳಿ ಕಳಿಸುತ್ತೇನೆ ಎನ್ನುತ್ತಾರೆ.

ಅವರು ಹುಟ್ಟಿದ್ದು, ಮದುವೆಯಾಗಿ ಬಂದದ್ದು ಎರಡೂ ಸವಣೂರೇ. ಅಪ್ಪ ಮಜೀದ ಎಲೆಬಳ್ಳಿಯ ತೋಟಗಳಲ್ಲಿ ಕೂಲಿ. ಅವ್ವ ಕುಲಸುಮಬಿ ಎಲೆ ವ್ಯಾಪಾರಿಯೊಬ್ಬರ ಶೆಡ್ಡಿನಲ್ಲಿ ಎಲೆ ಆರಿಸಿ ಕಟ್ಟುತ್ತಿದ್ದರು. ತಸ್ಲೀಮಾ ಹತ್ತನೇ ತರಗತಿವರೆಗೆ ಓದಿದ್ದಾರೆ. ಸಂಗೀತ ಕಲಿತಿಲ್ಲ. ಮದುವೆ ಮನೆಗಳಲ್ಲಿ ಹೆಂಗಸರು ಢೋಲಕ್ ಇಟ್ಟುಕೊಂಡು ಹಾಡುವಾಗ ಚಿಕ್ಕಂದಿನಿಂದ ಕೂತು ಹಾಡಿದ್ದಾರೆ, ಅಷ್ಟೇ. ಈ ಅಂಗಡಿ ಗಂಡ ವಸೀಮ ಅವರದು. ಫೋನು ರಿಪೇರಿ ಮಾಡುತ್ತಿದ್ದರು. ಕಣ್ಣು ಮಂದವಾಗಿ ಸಣ್ಣ ಬೆಸುಗೆಯ ಕೆಲಸ ಆಗದಾದಾಗ ಹೆಂಡತಿ ಬಂದು ಕೂತರು. ವಸೀಮ ಈಗ ಹತ್ತು ಗಂಟೆಗೆ ಊಟದ ಡಬ್ಬಿ ತಂದು, ಸಂಜೆಯವರೆಗೆ ಬಾಗಿಲಲ್ಲಿ ಚಾರ್ಜರ್, ಫೋನಿನ ಕವರು ಮಾರುತ್ತಾರೆ.

ಬಸ್ ನಿಲ್ದಾಣದಲ್ಲಿ ಕೂತು ಹೆಂಗಸು ರಾಗ ಎಳೆಯುವುದೇ ಎಂದು ಸಂಬಂಧಿಕರು ಮನೆತನಕ ಬಂದು ಕೇಳಿದ್ದರು. ಮಾತು ಬೆಳೆದು ಒಂದು ಮದುವೆಗೆ ಕರೆಯುವುದನ್ನೂ ಬಿಟ್ಟರು. ತಸ್ಲೀಮಾ ಕೊಟ್ಟ ಉತ್ತರವನ್ನು ವಸೀಮ ಈಗಲೂ ಗಿರಾಕಿಗಳಿಗೆ ಹೇಳಿ ನಗುತ್ತಾರೆ. “ನಾ ಗಂಡಸರ ಮುಂದ ಹಾಡೂದಿಲ್ಲ, ಫೋನಿನ ಮುಂದ ಹಾಡ್ತೇನಿ. ಅದು ಗಂಡಸೋ ಹೆಂಗಸೋ ನನಗೂ ಗೊತ್ತಿಲ್ಲ.”

ಮೊದಮೊದಲು ಕೆಲಸ ಸುಲಭವಿತ್ತು. ‘ಹೊಸದು ಹಾಕ್ರಿ’ ಅಥವಾ ‘ಹಳೇದು ಹಾಕ್ರಿ’ ಎಂದು ಕಾರ್ಡು ಕೊಟ್ಟು ಹೋಗುತ್ತಿದ್ದರು. ಅಂಗಡಿಯಲ್ಲಿ ಇದ್ದದ್ದೇ ಊರಿನ ಕಿವಿಗೆ ಬೀಳುತ್ತಿತ್ತು. ಹಾಡು ಗುರುತಿಸುವ ತಂತ್ರ ಫೋನಿಗೆ ಬಂದಮೇಲೆ ಅದು ಬದಲಾಗಿದೆ. ತಡಸದ ಢಾಬಾದಲ್ಲಿ ಊಟ ಮಾಡುವಾಗ ಲಾರಿಯೊಂದರಿಂದ ಕೇಳಿದ್ದು, ಶಿಗ್ಗಾಂವಿಯಲ್ಲಿ ಬಸ್ಸಿನ ಕಿಟಕಿಯಿಂದ ಬಿದ್ದದ್ದು, ಹಾನಗಲ್ಲಿನಲ್ಲಿ ಯಾರದೋ ಮೆರವಣಿಗೆಯ ಸ್ಪೀಕರಿನಿಂದ ಬಂದದ್ದು, ಎಲ್ಲಕ್ಕೂ ಹೆಸರು ಬೇಕು, ಅದೇ ದಿನ ಬೇಕು. ಹಿಂದೆ ಹೆಸರು ಗೊತ್ತಿಲ್ಲದ ಹಾಡನ್ನು ಜನ ವರ್ಷಗಟ್ಟಲೆ ಹೊತ್ತು ತಿರುಗುತ್ತಿದ್ದರು. ಮತ್ತೆ ಎಲ್ಲಾದರೂ ಕೇಳಿಸಿದರೆ ಪುಣ್ಯ. ಆ ಕಾಯುವಿಕೆ ಈಗ ಯಾರಿಗೂ ಇಲ್ಲ. ಇದರಿಂದ ಒಳ್ಳೆಯದೂ ಆಗಿದೆ. ಭೋಜಪುರಿ, ಪಂಜಾಬಿ, ತುಳು ಹಾಡುಗಳು ಸವಣೂರಿನ ಟ್ರ್ಯಾಕ್ಟರುಗಳಲ್ಲಿ ಕೇಳುತ್ತವೆ. ಭಾಷೆ ಯಾವುದೆಂದು ಕೇಳಿದವರಿಗೂ ಗೊತ್ತಿಲ್ಲ, ಬೇಕಾಗಿಯೂ ಇಲ್ಲ.

ತಡಸದ ಪ್ರಭು ಎಂಬ ಗೌಂಡಿಯ ಬೇಡಿಕೆ ಇನ್ನೊಂದು ಬಗೆಯದು. ಅವರು ಫೋನಿನಲ್ಲಿ ನೋಡಿದ ತುಣುಕು ವಿಡಿಯೊದ ಹಾಡು ಹುಡುಕಿಸಿದರು. ಪೂರ್ತಿ ಹಾಡು ಸಿಕ್ಕಿತು. ಕೇಳಿ ಮುಖ ಸಿಂಡರಿಸಿದರು. ಉಳಿದದ್ದು ಬ್ಯಾಡ್ರಿ, ಆ ಒಂದು ಸಾಲು ಅಷ್ಟೇ ಹಾಕ್ರಿ ಎಂದರು. ತಸ್ಲೀಮಾ ಅದೊಂದೇ ಸಾಲನ್ನು ಕತ್ತರಿಸಿ, ಮತ್ತೆ ಮತ್ತೆ ಜೋಡಿಸಿ, ಅರ್ಧ ತಾಸಿನ ಹಾಡು ಮಾಡಿ ಕೊಟ್ಟರು. ಗಾರೆ ಕಲೆಸಲು ಇದರಷ್ಟು ಚಲೋ ಹಾಡಿಲ್ಲ ಎಂದು ಪ್ರಭು ಈಗ ಹೊಗಳುತ್ತಾರೆ.

ಧ್ವನಿಮುದ್ರಣವನ್ನು ಗುರುತಿಸುವುದು ಒಂದು, ಗುನುಗನ್ನು ಗುರುತಿಸುವುದು ಇನ್ನೊಂದು. ಸ್ಪೀಕರಿನಿಂದ ಬರುವ ಹಾಡಾದರೆ ಫೋನು ಅದನ್ನೇ ಹಿಡಿಯುತ್ತದೆ. ಗುನುಗಿದರೆ ಹಾಗಲ್ಲ. ರಾಗ ತೀರ ಸೊಟ್ಟಗಿದ್ದರೆ ಸಿಗಲಿಲ್ಲ ಎನ್ನುತ್ತದೆ. ಸ್ವಲ್ಪ ನೆಟ್ಟಗಿದ್ದರೆ ತನಗೆ ಗೊತ್ತಿರುವ ಹಾಡುಗಳಲ್ಲಿ ಯಾವುದು ಹತ್ತಿರವೋ ಅದನ್ನು ತಂದು ಮುಂದಿಡುತ್ತದೆ. ಅದಕ್ಕೆ ಗೊತ್ತಿಲ್ಲದ ಹಾಡೂ ಲೋಕದಲ್ಲಿ ಇರಬಹುದು ಎಂದು ಅದು ಹೇಳುವುದಿಲ್ಲ. ಕೇಳುವವರಿಗೂ ಹೊಳೆಯುವುದಿಲ್ಲ.

ತಸ್ಲೀಮಾಗೆ ಇದು ಹೊಳೆದದ್ದು ಅಕ್ಕಿಆಲೂರಿನ ಗುತ್ತೆಪ್ಪ ಅವರಿಂದ. ಗುತ್ತೆಪ್ಪ ಅಲ್ಲಿನ ಅಕ್ಕಿ ಗಿರಣಿಯೊಂದರಲ್ಲಿ ಹಮಾಲಿ. ತನ್ನ ಹಿರಿಯ ಹಮಾಲರು ಚೀಲ ಹೊರುವಾಗ ಹಾಡುತ್ತಿದ್ದ ಒಂದು ರಾಗ ಬೇಕೆಂದು ಬಂದಿದ್ದರು. ಪದಗಳು ಮರೆತಿದ್ದವು. ಗೋಡೆಗೆ ಗುನುಗಿದರು. ನಡುನಡುವೆ ಚೀಲ ಬೆನ್ನಿಗೆ ಬೀಳುವ ಕಡೆ ‘ಹಾಂ’ ಎಂದು ಉಸಿರು ಬಿಡುತ್ತಿದ್ದರು. ಫೋನು ಸಿಗಲಿಲ್ಲ ಎಂದಿತು. ತಸ್ಲೀಮಾ ಎಂದಿನಂತೆ ‘ಹಾಂ’ ತೆಗೆದು, ರಾಗ ನೇರ ಮಾಡಿ ಗುನುಗಿದರು. ತಮಿಳು ಸಿನಿಮಾದ ಹಾಡೊಂದು ಬಂತು. ಗುತ್ತೆಪ್ಪ ಎರಡು ಸಲ ಕೇಳಿ, ಇದ ಇರಬೇಕು ಬಿಡ್ರಿ ಎಂದು ತುಂಬಿಸಿಕೊಂಡು ಹೋದರು.

ಮುಂದೆ ಒಂದು ವರ್ಷದ ಮೇಲೆ ಅವರು ಮತ್ತೆ ಬಂದರು. ಕಾರ್ಡು ಕೆಟ್ಟಿತ್ತು, ಅದೇ ಹಾಡು ಮತ್ತೆ ಬೇಕಿತ್ತು. ಯಾವುದೆಂದು ನೆನಪಾಗದೆ ತಸ್ಲೀಮಾ ಗುನುಗಲು ಹೇಳಿದರು. ಗುತ್ತೆಪ್ಪ ಗುನುಗಿದ್ದನ್ನು ಈ ಸಲ ಫೋನು ಒಂದೇ ಏಟಿಗೆ ಹಿಡಿಯಿತು. ಅವರು ಗುನುಗಿದ್ದು ಶುದ್ಧ ತಮಿಳು ಹಾಡು. ‘ಹಾಂ’ ಎಲ್ಲೂ ಇರಲಿಲ್ಲ. ಇದು ನಿಮ್ಮ ಹಮಾಲರ ಹಾಡಲ್ಲವಲ್ಲ ಎಂದರೆ, ಗುತ್ತೆಪ್ಪ ಆಣೆ ಮಾಡಿದರು: ತಾನು ಕೇಳುತ್ತ ಬೆಳೆದದ್ದು ಇದನ್ನೇ.

“ಅವರು ಹೋದ ಮ್ಯಾಲ ಯಾವ ಗಿರಾಕಿನೂ ಒಳಗ ಬಿಡಲಿಲ್ರಿ,” ಎನ್ನುತ್ತಾರೆ ತಸ್ಲೀಮಾ. “ಶಟರ್ ಎಳೆದು ಒಳಗ ಕುಂತೆ. ನಮ್ಮವ್ವಂದು ಗುನುಗಿ ನೋಡಿದೆ. ಹೋಗಿಬಿಟ್ಟಿತ್ತು.”

ಹೋಗಿಬಿಟ್ಟದ್ದು ಏನೆಂದು ತಿಳಿಯಲು ಆ ಎಲೆ ಶೆಡ್ಡಿಗೆ ಹೋಗಬೇಕು. ಕುಲಸುಮಬಿ ಎಲೆ ಆರಿಸುವಾಗ ಒಂದು ರಾಗ ಹಾಡುತ್ತಿದ್ದರು. ಅದಕ್ಕೆ ಪದವಿರಲಿಲ್ಲ. ಹರಿದದ್ದು, ಚುಕ್ಕಿ ಬಿದ್ದದ್ದು ಬದಿಗೆ, ಚಲೋ ಎಲೆ ಒಂದರ ಮೇಲೊಂದು. ಕೈ ಓಡಿದಷ್ಟು ಹೊತ್ತು ರಾಗ ಓಡುತ್ತಿತ್ತು. ಕಟ್ಟು ತುಂಬಿದಾಗ ಬಾಳೆನಾರು ಸುತ್ತಿ ಜಗ್ಗುವ ಕಡೆ ರಾಗ ತಟ್ಟನೆ ಕೆಳಗಿಳಿದು ನಿಲ್ಲುತ್ತಿತ್ತು. ಮತ್ತೆ ಹೊಸ ಕಟ್ಟು, ಮತ್ತೆ ಮೊದಲಿನಿಂದ. ಶಾಲೆ ಬಿಟ್ಟಮೇಲೆ ತಸ್ಲೀಮಾ ಮತ್ತು ಅಕ್ಕ ಕೌಸರ ಆ ಶೆಡ್ಡಿನಲ್ಲೇ ಅವ್ವನ ಬೆನ್ನಿಗೆ ಒರಗಿ ಮಲಗುತ್ತಿದ್ದರು. ರಾಗ ಕಿವಿಯಿಂದಲ್ಲ, ಬೆನ್ನಿನಿಂದ ಬರುತ್ತಿತ್ತು ಎನ್ನುತ್ತಾರೆ ತಸ್ಲೀಮಾ.

ಕುಲಸುಮಬಿ ತೀರಿಕೊಂಡ ಮಾರನೇ ವರ್ಷ ಫೋನು ಗುನುಗನ್ನು ಗುರುತಿಸಲು ಕಲಿಯಿತು. ಅವ್ವನ ಧ್ವನಿ ಎಲ್ಲೂ ಮುದ್ರಣವಾಗಿರಲಿಲ್ಲ. ಫೋನು ರಿಪೇರಿಯವನ ಅತ್ತೆ, ಹಾಡು ತುಂಬುವವಳ ಅವ್ವ. ಆದರೂ ಯಾರೂ ಒಂದು ಸಲವೂ ಮುದ್ರಣದ ಗುಂಡಿ ಒತ್ತಿರಲಿಲ್ಲ. ತಸ್ಲೀಮಾ ಮೊದಲು ಗುನುಗಿ ಹುಡುಕಿದ್ದು ಅವ್ವನ ರಾಗವನ್ನೇ. ಸಿಗಲಿಲ್ಲ. ಗಿರಾಕಿಗಳ ರಾಗ ತಿದ್ದುವುದು ರೂಢಿಯಾದಮೇಲೆ ಅದನ್ನೂ ತಿದ್ದಿದರು. ನಾರು ಜಗ್ಗುವ ಕಡೆಯ ಇಳಿತವನ್ನು ತೆಗೆದುಹಾಕಿ ನೇರ ಗುನುಗಿದರು. ಹಳೆಯ ಹಿಂದಿ ಸಿನಿಮಾದ ಹಾಡೊಂದು ಬಂತು.

“ಅಯ್ಯ, ಅವ್ವ ಹಾಡ್ತಿದ್ದದ್ದು ಇದನ್ನ, ಹೆಸರ ಗೊತ್ತಿರಲಿಲ್ಲಲ್ಲ ಅಂತ ಅತ್ತೆನ್ರಿ. ಖುಷಿಗೆ ಅತ್ತದ್ದು.” ಆ ಹಾಡು ತಿಂಗಳುಗಟ್ಟಲೆ ಅಂಗಡಿಯಲ್ಲಿ ದಿನವಿಡೀ ನುಡಿಯಿತು. ಅಕ್ಕನ ಫೋನಿಗೆ ಹೋಯಿತು. ಕಾರ್ಡಿನಲ್ಲಿ ಜಾಗ ಉಳಿದವರಿಗೆಲ್ಲ ತಸ್ಲೀಮಾ ಅದನ್ನು ಹಾಕಿ, ನಮ್ಮವ್ವನ ಹಾಡು ಎಂದು ಹೇಳಿ ಕೊಟ್ಟರು. ಸಿನಿಮಾ ಹಾಡಿನಲ್ಲಿ ಇಳಿತವಿಲ್ಲ, ನಿಲುಗಡೆಯಿಲ್ಲ ಎನ್ನುವುದು ಗುತ್ತೆಪ್ಪ ಎರಡನೇ ಸಲ ಬಂದುಹೋಗುವವರೆಗೆ ಅವರ ಗಮನಕ್ಕೆ ಬರಲಿಲ್ಲ. ಗಮನಕ್ಕೆ ಬಂದಾಗ ತಡವಾಗಿತ್ತು. ಇಳಿತ ಇತ್ತು ಎನ್ನುವುದು ನೆನಪಿದೆ, ಅದು ಹೇಗಿತ್ತು ಎನ್ನುವುದು ನೆನಪಿಲ್ಲ. ಬಾಯಿ ತೆರೆದರೆ ಸಿನಿಮಾ ಹಾಡು ಬರುತ್ತದೆ.

ಫೋನಿನ ಮೇಲೆ ಅವರಿಗೆ ಸಿಟ್ಟಿಲ್ಲ. “ಅದು ತನಗ ಗೊತ್ತಿದ್ದದ್ದು ಹೇಳ್ತು. ನನಗ ಗೊತ್ತಿದ್ದದ್ದು ನಾ ಯಾಕ ಬಿಟ್ಟೆ ಅನ್ನೂದಷ್ಟ.”

ಅಂದಿನಿಂದ ಕೆಲಸದ ರೀತಿ ಬದಲಾಗಿದೆ. ಯಾರೇ ಬಂದು ಗುನುಗಿದರೂ ಅದನ್ನು ಇದ್ದ ಹಾಗೇ, ಸೊಟ್ಟಗೆ, ಕೆಮ್ಮಿನ ಸಮೇತ ಮೊದಲು ಮುದ್ರಿಸಿಕೊಳ್ಳುತ್ತಾರೆ. ಹುಡುಕುವುದು ಆಮೇಲೆ. ಕಾರ್ಡಿನಲ್ಲಿ ಮೊದಲು ಗಿರಾಕಿಯ ಗುನುಗು, ನಂತರ ಸಿಕ್ಕ ಹಾಡು. ಕೆಲವರು ಹೋದಕೂಡಲೇ ಮೊದಲನೆಯದನ್ನು ಅಳಿಸುತ್ತಾರೆ. ಅದಕ್ಕೆ ತಸ್ಲೀಮಾರ ಅಡ್ಡಿಯಿಲ್ಲ. ಒಮ್ಮೆ ಮೈಲಾರಲಿಂಗ ಟೆಂಪೊದಲ್ಲಿ ಹಾಡು ಹಚ್ಚಿ, ಯಾವುದೋ ಕತ್ತೆ ಒದರುತ್ತಿದೆ ಎಂದು ಗಾಡಿ ನಿಲ್ಲಿಸಿ ಕೆಳಗಿಳಿದು ನೋಡಿದರಂತೆ.

ಈ ಬೆಳಿಗ್ಗೆ ಹೊರಡುವ ಮುನ್ನ ಮೈಲಾರಲಿಂಗ ಇನ್ನೊಂದು ಮಾತು ಹೇಳುತ್ತಾರೆ. ಅವರ ಅತ್ತೆ ಸಾವಂತ್ರವ್ವ ಮಗಳ ಮನೆಗೆಂದು ಮಾಸೂರಿಗೆ ಬಂದಿದ್ದಾರೆ. ಸಾವಂತ್ರವ್ವ ಸವಣೂರಿನವರು, ಪ್ರಾಯದಲ್ಲಿ ಕುಲಸುಮಬಿಯ ಮಗ್ಗುಲಲ್ಲೇ ಕೂತು ಎಲೆ ಆರಿಸಿದವರು. ಕೆಲಸ ಬಿಟ್ಟು ಗದಗ ಕಡೆ ಮಗನ ಹತ್ತಿರ ಹೋಗಿ ಬಹಳ ವರ್ಷಗಳಾಗಿದ್ದವು. ತಸ್ಲೀಮಾ ಈ ಸುದ್ದಿಗಾಗಿಯೇ ಕಾದಿದ್ದರು. ಅಕ್ಕ ಕೌಸರ ಇರುವುದು ಬಂಕಾಪುರದಲ್ಲಿ. ಅವರನ್ನು ಕೇಳಿ ಆಗಿದೆ. ತಂಗಿ ಕಳಿಸಿದ ಸಿನಿಮಾ ಹಾಡನ್ನೇ ಅವರೂ ಹಾಡುತ್ತಾರೆ. ತಸ್ಲೀಮಾಗೆ ಗೊತ್ತಿರುವಂತೆ ಉಳಿದವರು ಸಾವಂತ್ರವ್ವ ಒಬ್ಬರೇ.

ಶುಕ್ರವಾರ ಅಂಗಡಿಗೆ ಬೀಗ. ಪತ್ರಿಕೆಗೆ ಬರೆಯಲು ಬಂದ ನಾವೂ ತಸ್ಲೀಮಾರ ಜೊತೆಗಿದ್ದೇವೆ. ಸವಣೂರಿನಿಂದ ಹಾವೇರಿ, ಹಾವೇರಿಯಿಂದ ಹಿರೇಕೆರೂರು, ಅಲ್ಲಿಂದ ಮಾಸೂರು. ಸವಣೂರಿನಿಂದ ಬರುವವರು ತರುವ ಹಾಗೆ ತಸ್ಲೀಮಾ ಚೀಲದಲ್ಲಿ ವೀಳ್ಯದೆಲೆ ತಂದಿದ್ದಾರೆ. ಮದಗದ ಕೆರೆಯ ನೀರು ಹರಿದ ಗದ್ದೆಗಳ ಬದಿಯಲ್ಲಿ ಮೈಲಾರಲಿಂಗರ ಮನೆ. ಹೆಂಡತಿ ಸವಿತಾ ಚಾಪೆ ಹಾಸುತ್ತಾರೆ. ಜಗುಲಿಯ ಮೇಲೆ ಕೂತಿದ್ದ ಸಾವಂತ್ರವ್ವ ಬಂದವರ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸುತ್ತಾರೆ.

“ಬಾರವಾ ಕುಲಸುಮನ ಮಗಳ. ಥೇಟ ನಿಮ್ಮವ್ವನಂಗ ಆಗೀ. ಮೂಗೊಂದು ಅಪ್ಪಂದು, ಏನ್ ಮಾಡೂದು.”

ಆಮೇಲೆ ಎಲೆ ನೋಡಿ ಬೈಯುತ್ತಾರೆ. ಈಗಿನವರು ಎಲೆ ಆರಿಸುತ್ತಾರೋ ಕಸ ಗುಡಿಸಿ ಕಟ್ಟುತ್ತಾರೋ ಎಂದು ಕೇಳುತ್ತಾರೆ. ಕುಲಸುಮಬಿ ಇದ್ದಿದ್ದರೆ ಇದನ್ನು ಆಡಿಗೂ ಹಾಕುತ್ತಿರಲಿಲ್ಲ ಎನ್ನುತ್ತಾರೆ. ಚಹಾ ಬರುತ್ತದೆ. ತಸ್ಲೀಮಾ ಲೋಟವನ್ನು ಕೆಳಗಿಟ್ಟು, ಅವ್ವ ಎಲೆ ಆರಿಸುವಾಗ ಹಾಡುತ್ತಿದ್ದದ್ದು ನೆನಪಿದೆಯೇ ಎಂದು ಕೇಳುತ್ತಾರೆ.

“ಅಯ್ಯ, ಮರೆಯಾಕ ಹೆಂಗ ಬರ್ತೈತಿ? ದಿನಾ ಕೇಳ್ತೇನಲ್ಲ.”

ಸಾವಂತ್ರವ್ವ ತಲೆದಿಂಬಿನ ಕೆಳಗಿನಿಂದ ಒಂದು ಪುಟ್ಟ ಸ್ಪೀಕರ್ ತೆಗೆದು ಗುಂಡಿ ಒತ್ತುತ್ತಾರೆ. ಸಿನಿಮಾ ಹಾಡು ಶುರುವಾಗುತ್ತದೆ. ಅಳಿಯ ತಂದು ಕೊಟ್ಟ, ನಿಮ್ಮಂಗಡಿಯದೇ ಎನ್ನುತ್ತಾರೆ. ಹಾಡಿನ ಜೊತೆಗೆ ಅವರ ತಲೆ ತೂಗುತ್ತದೆ.

ತಸ್ಲೀಮಾ ಪೂರ್ತಿ ಹಾಡು ಕೇಳುತ್ತಾರೆ. ಮುಗಿದಮೇಲೆ ಸ್ಪೀಕರ್ ಬಂದ್ ಮಾಡಿ, ಇದಲ್ಲ, ಶೆಡ್ಡಿನಲ್ಲಿ ಹಾಡಿದ ಹಾಗೆ ನೀವೇ ಒಂದು ಸಲ ಹಾಡಿ ಎಂದು ಕೇಳಿಕೊಳ್ಳುತ್ತಾರೆ. ಸಾವಂತ್ರವ್ವ ಸಂಕೋಚವಿಲ್ಲದೆ ಹಾಡುತ್ತಾರೆ. ಅದೇ ಹಾಡು. ನಡುವೆ ಬರುವ ಪಿಟೀಲನ್ನೂ ಬಾಯಿಯಲ್ಲೇ ಬಾರಿಸುತ್ತಾರೆ. ಎಲೆ ಶೆಡ್ಡಿನಲ್ಲಿ ಪಿಟೀಲು ಇರಲಿಲ್ಲ. ಸವಿತಾ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಾರೆ.

ತಸ್ಲೀಮಾ ಎಲೆಯ ಕಟ್ಟು ಬಿಚ್ಚಿ ಚಾಪೆಯ ಮೇಲೆ ಹರಡುತ್ತಾರೆ. ಹಿತ್ತಲಿನ ಬಾಳೆಯಿಂದ ನಾರು ತರಿಸುತ್ತಾರೆ. “ಹಾಡೂದು ಬ್ಯಾಡ ದೊಡ್ಡವ್ವ. ಈ ಎಲಿ ನಿಮಗ ಮನಸ್ಸಿಗೆ ಬಂದಿಲ್ಲಲ್ಲ, ನೀವ ಒಂದು ಕಟ್ಟು ಕಟ್ಟಿ ತೋರಿಸ್ರಿ.”

ಮುದುಕಿಗೆ ಅದು ಸರಿಯೆನಿಸುತ್ತದೆ. ಕಾಲು ಚಾಚಿ ಕೂಡುತ್ತಾರೆ. ಬೆರಳುಗಳು ಮೊದಲು ತಡವರಿಸಿ ಆಮೇಲೆ ಓಡುತ್ತವೆ. ಬಾಯಿ ಮಗಳನ್ನು ಬೈಯುತ್ತಿದೆ, ಚಹಾಕ್ಕೆ ಸಕ್ಕರೆ ಸುರಿದದ್ದಕ್ಕೆ. ಎಲೆ ಜೋಡಣೆಯಾಗಿ, ನಾರು ಸುತ್ತಿ, ಒಂದು ತುದಿಯನ್ನು ಕಾಲಬೆರಳಿಗೆ ಸಿಕ್ಕಿಸಿ ಜಗ್ಗುವಾಗ ಬೈಗುಳ ತಟ್ಟನೆ ನಿಲ್ಲುತ್ತದೆ. ಮೂಗಿನಿಂದ ಒಂದು ಸಣ್ಣ ದನಿ ಬರುತ್ತದೆ. ಮೇಲಿನಿಂದ ಕೆಳಕ್ಕೆ, ಎರಡೇ ಹೆಜ್ಜೆ. ಮತ್ತೆ ಬೈಗುಳ ಶುರು.

ತಸ್ಲೀಮಾ ಫೋನನ್ನು ಮೆಲ್ಲಗೆ ಚಾಪೆಯ ಮೇಲಿಟ್ಟು ಮುದ್ರಣದ ಗುಂಡಿ ಒತ್ತಿ, ಇನ್ನಷ್ಟು ಎಲೆ ಮುಂದಕ್ಕೆ ತಳ್ಳುತ್ತಾರೆ. ಎರಡನೇ ಕಟ್ಟಿನಲ್ಲೂ ಅದೇ ಜಾಗದಲ್ಲಿ ಅದೇ ದನಿ. ಈಗ ಏನಂದಿರಿ ಎಂದು ಕೇಳಿದರೆ ಸಾವಂತ್ರವ್ವ ಏನೂ ಅನ್ನಲಿಲ್ಲ ಎನ್ನುತ್ತಾರೆ. ಮೂರನೇ ಕಟ್ಟು ಕಟ್ಟುವಾಗ ಎಲ್ಲರೂ ತನ್ನ ಬಾಯಿ ನೋಡುತ್ತಿರುವುದು ಅವರಿಗೆ ತಿಳಿದಿದೆ. ನಾರು ಜಗ್ಗುತ್ತಾರೆ. ಸಿನಿಮಾ ಹಾಡು ಬರುತ್ತದೆ. ಎಲೆ ಮುಗಿಯುತ್ತದೆ.

ಸಿಕ್ಕಿದ್ದು ಇಷ್ಟೇ. ರಾಗವಲ್ಲ, ರಾಗ ನಿಲ್ಲುವ ಕಡೆಯ ಎರಡು ಹೆಜ್ಜೆ. ಅದರ ಹಿಂದೆ ಬೈಗುಳ, ಮುಂದೆ ಗದ್ದೆಯ ಟ್ರ್ಯಾಕ್ಟರಿನ ಸದ್ದು. ಹಿರೇಕೆರೂರಿನ ಬಸ್ ನಿಲ್ದಾಣದ ಕಟ್ಟೆಯ ಮೇಲೆ ತಸ್ಲೀಮಾ ಫೋನನ್ನು ಕಿವಿಗೆ ಒತ್ತಿಕೊಂಡು ಅದನ್ನು ಕೇಳುತ್ತಾರೆ, ಮತ್ತೆ ಕೇಳುತ್ತಾರೆ. ಇದೇ ಹೌದೇ ಎಂದು ನಾವು ಕೇಳಿದರೆ ಇನ್ನೊಮ್ಮೆ ಹಚ್ಚಿ ಕೇಳುತ್ತಾರೆ.

“ಕಿವಿಗೆ ಗೊತ್ತಾಗವಲ್ದು. ಬೆನ್ನಿಗೆ ಗೊತ್ತಾತು.”

ಅದನ್ನು ಫೋನಿಗೆ ಹುಡುಕಲು ಕೊಡುತ್ತಾರೆಯೇ? ಇಲ್ಲ. “ಕೊಟ್ರ ಏನರ ಒಂದು ಹೇಳ್ತೈತಿ. ಹೇಳಿದ್ರ ನಾ ಕೇಳ್ತೇನಿ. ಬ್ಯಾಡ.” ತಾವೇ ಗುನುಗಿ ನೋಡಿದಿರಾ ಎಂದರೆ ಅದಕ್ಕೂ ಇಲ್ಲವೆಂದು ತಲೆಯಾಡಿಸುತ್ತಾರೆ. ದಿನಾ ಹತ್ತು ಜನರ ರಾಗ ತಿದ್ದುವ ಗಂಟಲು ಇದನ್ನೂ ತಿದ್ದೀತು ಎನ್ನುವುದು ಅವರ ಭಯ. ಮುದುಕಿಯ ಮೂಗಿನಲ್ಲಿ ಹೇಗಿದೆಯೋ ಹಾಗೇ ಇರಲಿ. ನಾಳೆ ಬೆಳಿಗ್ಗೆ ಮತ್ತೆ ಅಂಗಡಿ, ಮತ್ತೆ ಯಾರದೋ ಹಾಡು. ಅದನ್ನು ಬಿಡುವ ಯೋಚನೆ ಅವರಿಗಿಲ್ಲ. ಹುಡುಕಿಕೊಂಡು ಬಂದವರು ಬರಿಗೈಯಲ್ಲಿ ಹೋಗಬಾರದು, ಆ ಸಂಕಟ ಏನೆಂದು ತನಗೆ ಗೊತ್ತು ಎನ್ನುತ್ತಾರೆ.

ಹಾವೇರಿಯ ಬಸ್ಸು ಬಂದು ನಿಲ್ಲುತ್ತದೆ. ಹತ್ತುವ ಮುನ್ನ ತಸ್ಲೀಮಾ ತಿರುಗಿ ನಿಂತು, ಪತ್ರಿಕೆಗೆ ಬರೆಯುವುದಾದರೆ ಒಂದು ಮಾತು ಸೇರಿಸಬೇಕು ಎನ್ನುತ್ತಾರೆ. ಸೇರಿಸಿದ್ದೇವೆ:

“ನಮ್ಮವ್ವನ ಸಂಗಾಟ ಎಲಿ ಕಟ್ಟಿದವರು ಹಾನಗಲ್ಲ ಕಡೆ ಇನ್ನೂ ಇಬ್ಬರು ಅದಾರಂತ ದೊಡ್ಡವ್ವ ಹೇಳಿದ್ಲು. ನನ್ನ ಕಾರ್ಡು ಅವರ ಮನಿಗೆ ಹೋಗಿರಲಿಕ್ಕಿಲ್ಲ. ಬರ್ರಿ ಅಂತ ಬರೀರಿ. ಹಾಡಾಕ ಬರದಿದ್ರೂ ನಡೀತೈತಿ, ಎಲಿ ನಾ ತಂದಿಡ್ತೇನಿ. ಆದ್ರ ಬಸ್ಸಿನ್ಯಾಗ ಹಾಡು ಹಚ್ಚಿರ್ತಾರ, ಬರೂ ಮುಂದ ಕಿವ್ಯಾಗ ಹತ್ತಿ ಇಟಗೊಂಡು ಬರ್ರಿ ಅಂತ ಬರೀರಿ.”